ನದಿಯ ಕವಲು, ಕೆರೆಯ ಬಿರುಕು ಅಮೂರ್ತ ಚಿತ್ರದಲ್ಲಿ ಸಹಜವಾಗಿ ಮೂಡುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಅಕ್ರಿಲಿಕ್ ಮತ್ತು ಜಲವರ್ಣದಲ್ಲಿ ನದಿಯ ಕವಲು, ಒಣಗಿದ ಕೆರೆಯಂಗಳ, ಬಂಡೆಯ ಮೇಲಿನ ಕಲೆ ಇಂಥವನ್ನು ತರಲು ಹೊರಟರೆ ಸೀರೆಯ ಅಂಚಿನ ವಿನ್ಯಾಸದಂತೆ ಆಗಿಬಿಡುತ್ತದೆ, ಕೆಲವರ ಚಿತ್ರದಲ್ಲಿ ಮಾತ್ರ ಅದು ತಾನಾಗಿ ಬಂದಂತಿರುತ್ತದೆ, ಯಾಕೆ? ಹಾಗೆ ತಾನಾಗಿ ಬಂದದ್ದನ್ನು ಕಲಾವಿದರ ಕೆಲಸ ಎನ್ನಬಹುದೇ?

ಮೊದಲನೆಯದಕ್ಕೆ ಉತ್ತರ: ಅವರು ಕವಲನ್ನು ಬಿಡಿಸುತ್ತಿಲ್ಲ, ಕವಲೊಡೆಯುವ ಸನ್ನಿವೇಶವನ್ನು ಬಣ್ಣಕ್ಕೆ ಒದಗಿಸುತ್ತಿದ್ದಾರೆ. ಬಣ್ಣಕ್ಕೂ ತೂಕವಿದೆ, ಮಂದವಿದೆ. ಅದೂ ಹರಿಯುತ್ತದೆ, ಒಣಗುತ್ತದೆ, ಒಣಗುವಾಗ ಕುಗ್ಗುತ್ತದೆ. ಕುಂಚ ಹಿಡಿದು ಬಿರುಕು ಬಿಡಿಸಿದರೆ ಅಂತರಗಳು ಒಂದೇ ಸಮನಾಗುತ್ತವೆ, ಗೆರೆಗಳು ಕೂಡುವ ಕೋನ ತಪ್ಪುತ್ತದೆ. ಕೆರೆಯಂಗಳ ನೋಡಿದ ಯಾವ ಕಣ್ಣಿಗೂ ಆ ತಪ್ಪು ತಕ್ಷಣ ತಿಳಿಯುತ್ತದೆ, ಕಾರಣ ಹೇಳಲು ಬಾರದಿದ್ದರೂ.

ಬಿರುಕಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಒಣಗುವ ಪದರ ಕುಗ್ಗಬೇಕೆನ್ನುತ್ತದೆ, ಕೆಳಗಿನ ತಳ ಅದನ್ನು ಹಿಡಿದುಕೊಂಡಿರುತ್ತದೆ. ಎಳೆತ ಮಿತಿ ಮೀರಿದಲ್ಲಿ ಮೊದಲ ಬಿರುಕು ಬೀಳುತ್ತದೆ. ಬಿರುಕು ಬಿಟ್ಟ ಮೇಲೆ ಅದಕ್ಕೆ ಅಡ್ಡಲಾಗಿದ್ದ ಎಳೆತ ಸಡಿಲವಾಗುತ್ತದೆ, ಬಿರುಕಿನ ಉದ್ದಕ್ಕಿರುವ ಎಳೆತ ಮಾತ್ರ ಉಳಿಯುತ್ತದೆ. ಹಾಗಾಗಿ ನಂತರ ಬರುವ ಬಿರುಕು ಹಳೆಯದರ ಹತ್ತಿರ ಬಂದಾಗ ತಿರುಗಿ ನೇರ 90 ಡಿಗ್ರಿಯಲ್ಲಿ ಸೇರುತ್ತದೆ. ಒಮ್ಮೆ ಮಾತ್ರ ಒಣಗಿದ ಕೆಸರಿನಲ್ಲಿ ನೀವು ನೋಡುವುದು ಇದನ್ನೇ: ಉದ್ದನೆಯ ಮುಖ್ಯ ಬಿರುಕುಗಳು, ಅವಕ್ಕೆ ಲಂಬವಾಗಿ ಬಂದು ನಿಲ್ಲುವ ಚಿಕ್ಕವು. ಅದೇ ಮಣ್ಣು ಮತ್ತೆ ಮತ್ತೆ ನೆನೆದು ಒಣಗಿದರೆ ಬಿರುಕುಗಳು ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಆದರೆ ಬೇರೆ ಬೇರೆ ಸರದಿಯಲ್ಲಿ ತೆರೆಯುತ್ತವೆ. ಪ್ರತಿ ಸಲ ಕೂಡುವ ಜಾಗ ಸ್ವಲ್ಪ ಸರಿದು, ಕೊನೆಗೆ ಮೂರು ಬಿರುಕು ತಲಾ 120 ಡಿಗ್ರಿಯಲ್ಲಿ ಸೇರುವ ಜೇನುಗೂಡಿನ ಜಾಲವಾಗುತ್ತದೆ. ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಲ್ಲೂ ಇದೇ ಲೆಕ್ಕ. ಅಲ್ಲಿ ಒಣಗಿದ್ದಲ್ಲ, ಲಾವಾ ತಣಿದು ಕುಗ್ಗಿದ್ದು. ಬಿರುಕು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತಾ ತನ್ನ ಕೋನವನ್ನು ತಿದ್ದಿಕೊಂಡಿದೆ, ಅದರಿಂದ ಐದಾರು ಬದಿಯ ಕಂಬಗಳಾಗಿವೆ.

ಚಿತ್ರದಲ್ಲಿ ಇದನ್ನು ತರಲು ಕ್ಯಾನ್ವಾಸ್ ಬೇಡ. ಬಟ್ಟೆ ಬಾಗುತ್ತದೆ, ಬಿರುಕುಗಳ ನಡುವಿನ ಹೆಂಟೆಗಳು ಉದುರುತ್ತವೆ. 12ರಿಂದ 18 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ತೆಗೆದುಕೊಂಡು ಎರಡೂ ಬದಿಗೆ ಪ್ರೈಮರ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಹಲಗೆ ಸೊಟ್ಟಗಾಗುತ್ತದೆ. ಪ್ರೈಮರ್ ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ ಒರಟು ಮಾಡಿ. 100 ಗ್ರಾಂ ಚೈನಾ ಕ್ಲೇ (ಬಿಳಿ ಜೇಡಿಮಣ್ಣು) ಪುಡಿಗೆ 80ರಿಂದ 100 ಮಿ.ಲೀ. ನೀರು, 5 ಮಿ.ಲೀ. ಫೆವಿಕಾಲ್. ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ. ಹಲಗೆಯನ್ನು ಮಟ್ಟವಾಗಿ ಮಲಗಿಸಿ ಈ ಮಿಶ್ರಣವನ್ನು ಕರಣೆಯಿಂದ ಹರಡಿ.

ಹೆಂಟೆಯ ಗಾತ್ರವನ್ನು ನಿರ್ಧರಿಸುವುದು ಪದರದ ದಪ್ಪ: 2 ಮಿ.ಮೀ. ಪದರದಲ್ಲಿ ಸಣ್ಣ ಒತ್ತೊತ್ತು ಬಿರುಕು, 6 ಮಿ.ಮೀ. ಪದರದಲ್ಲಿ ಅಗಲ ಹೆಂಟೆ. ಒಂದೇ ಹಲಗೆಯಲ್ಲಿ ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪ ಮಾಡಿದರೆ ಗಾತ್ರ ನಿಧಾನವಾಗಿ ಬದಲಾಗುತ್ತಾ ಹೋಗುತ್ತದೆ, ಕೆರೆಯ ದಡದಿಂದ ನಡುವಿಗೆ ನಡೆದಂತೆ. ಕೈಯಿಂದ ಬಿಡಿಸಿ ಇದನ್ನು ಸಾಧಿಸುವುದು ಬಹಳ ಕಷ್ಟ. ಬಿರುಕೇ ಬರಲಿಲ್ಲವೆಂದರೆ ಫೆವಿಕಾಲ್ ಹೆಚ್ಚಾಗಿ ಪದರ ರಬ್ಬರಿನಂತಾಗಿದೆ. ಹೆಂಟೆಗಳು ಅಂಚು ಮೇಲೆತ್ತಿ ಕಳಚಿಕೊಂಡರೆ ತಳ ನುಣುಪಾಗಿದೆ. 120 ಡಿಗ್ರಿ ಜಾಲ ಬೇಕಿದ್ದರೆ ಫೆವಿಕಾಲ್ ಹಾಕಲೇಬೇಡಿ, ಏಕೆಂದರೆ ಅಂಟು ಸೇರಿದ ಪದರ ಮತ್ತೆ ನೀರಿಗೆ ಪೂರ್ತಿ ಮೆದುವಾಗುವುದಿಲ್ಲ. ಬರೀ ಜೇಡಿಯ ಪದರಕ್ಕೆ ನೀರು ಸಿಂಪಡಿಸಿ ಬಿರುಕು ಮುಚ್ಚಿಕೊಳ್ಳುವವರೆಗೆ ನೆನೆಸಿ, ಪೂರ್ತಿ ಒಣಗಿಸಿ, ಮತ್ತೆ ನೆನೆಸಿ. ಹತ್ತಾರು ಸಲ ಹೀಗೆ ಆಗಬೇಕು. ಕೊನೆಗೆ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಒಂದು ಪಾಲು, ನೀರು ಮೂರು ಪಾಲು ಬೆರೆಸಿ ಮಂಜಿನಂತೆ ಸಿಂಪಡಿಸಿ ಗಟ್ಟಿ ಮಾಡಿ. ಮೊದಲ ಪದರ ಬಹಳ ತೆಳುವಾಗಿರಲಿ. ಕುಂಚದಿಂದ ಬಳಿದರೆ ಹೆಂಟೆಯ ಅಂಚು ಮುರಿಯುತ್ತದೆ. ಬಣ್ಣ ಕೊಡುವುದು ಇದಾದ ಮೇಲೆ: ತೆಳು ಗಾಢ ಬಣ್ಣ ಬಿರುಕಿಗೆ ಇಳಿಸಿ, ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಒಣಗಿಸುವುದರಲ್ಲಿ ಊರಿನ ಹವೆ ದೊಡ್ಡ ಪಾತ್ರ ವಹಿಸುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಸಂಜೆಯೊಳಗೆ ಬಿರುಕು ಬಿಡುವ ಪದರ, ಆಷಾಢದ ಮಂಗಳೂರಿನಲ್ಲಿ ಮೂರು ದಿನವಾದರೂ ಹಸಿಯಾಗಿಯೇ ಇರಬಹುದು. ಫ್ಯಾನ್ ಹಾಕಬೇಡಿ. ಒಂದು ಬದಿ ಮೊದಲು ಒಣಗಿ ಬಿರುಕುಗಳೆಲ್ಲ ಆ ಕಡೆಗೇ ಸಾಲುಗಟ್ಟುತ್ತವೆ. ಅದೇ ಬೇಕಿದ್ದರೆ ಬೇಕೆಂತಲೇ ಹಾಕಿ.

ಇನ್ನು ಕವಲು. ಸ್ಪೇನ್ ಮೂಲದ ಚಿತ್ರಕಾರ ಓಸ್ಕರ್ ಡೊಮಿಂಗೆಜ್ 1936ರ ಸುಮಾರಿಗೆ ಗ್ವಾಶ್ ಬಣ್ಣವನ್ನು (ತಳ ಕಾಣದಂಥ ಮಂದ ಜಲವರ್ಣ) ಎರಡು ಹಾಳೆಗಳ ನಡುವೆ ಒತ್ತಿ ಎಳೆದು ಚಿತ್ರ ಮಾಡಿದರು. ಜರ್ಮನ್ ಮೂಲದ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಅದನ್ನು ತೈಲವರ್ಣಕ್ಕೆ ತಂದರು. ಡೆಕಲ್ಕೊಮೇನಿಯ ಎಂದು ಕರೆಯುವ ಈ ವಿಧಾನದಲ್ಲಿ ಹಾಳೆ ಎತ್ತುವಾಗ ಮಂದ ಬಣ್ಣದೊಳಗೆ ಗಾಳಿ ನುಗ್ಗುತ್ತದೆ. ತುಸು ಮುಂದೆ ಹೋದ ಗಾಳಿಯ ಬೆರಳಿಗೆ ಮುಂದಿನ ದಾರಿ ಇನ್ನೂ ಸುಲಭ, ಹಿಂದುಳಿದದ್ದು ಅಲ್ಲೇ ನಿಲ್ಲುತ್ತದೆ. ಬೆರಳುಗಳ ನಡುವೆ ಉಳಿದ ಬಣ್ಣ ಏಣುಗಳಾಗಿ ಒಂದಕ್ಕೊಂದು ಸೇರುತ್ತಾ ಮರವಾಗುತ್ತದೆ. ನದಿಯನ್ನು ಕೊರೆಯುವುದು ಮಣ್ಣಿನ ಸವೆತ, ಅಲ್ಲಿ ಕೆಲಸ ಮಾಡುವ ಶಕ್ತಿ ಬೇರೆ. ಆದರೆ ಮುಂದೆ ಹೋದ ಹಳ್ಳಕ್ಕೆ ಹೆಚ್ಚು ನೀರು, ಹೆಚ್ಚು ನೀರಿಗೆ ಹೆಚ್ಚು ಕೊರೆತ ಎಂಬ ಮೇಲುಗೈ ಎರಡಕ್ಕೂ ಸಮಾನ. ಹೋಲಿಕೆ ಇರುವುದು ಅಲ್ಲಿ.

ಮಾಡುವ ಕ್ರಮ: ಎ4 ಗಾತ್ರದ ಎರಡು ಅಕ್ರಿಲಿಕ್ ಪ್ಲಾಸ್ಟಿಕ್ ಶೀಟ್, ಅಥವಾ ಒಂದು ಗಾಜು ಮತ್ತು ಒಂದು ನುಣುಪು ಆರ್ಟ್ ಪೇಪರ್. ನಡುವೆ ಅರ್ಧ ಟೀ ಚಮಚ ಪೋಸ್ಟರ್ ಕಲರ್, ನೀರು ಬೆರೆಸದೆ. ಮೇಲಿಂದ ಅಂಗೈಯಲ್ಲಿ ಒತ್ತಿ ಅಂಗೈಯಗಲ ಹರಡಿ. ನೇರ ಮೇಲಕ್ಕೆ ಎತ್ತಿದರೆ ಸುತ್ತಲಿಂದ ನಡುವಿಗೆ ಓಡುವ ಕವಲುಗಳು. ಒಂದು ಅಂಚನ್ನು ಒತ್ತಿ ಹಿಡಿದು ಪುಸ್ತಕ ತೆರೆದಂತೆ ಎತ್ತಿದರೆ ಒಂದೇ ದಿಕ್ಕಿಗೆ ಹರಿಯುವ ಜರೀಗಿಡದ ರೂಪ. ಬೇಗ ಎತ್ತಿದರೆ ನವಿರಾದ ಒತ್ತು ಕವಲು, ನಿಧಾನಕ್ಕೆ ಎತ್ತಿದರೆ ಅಗಲವಾದ ಕೆಲವೇ ಕವಲು. ಸೋಲುವ ಕಾರಣಗಳು ಹೆಚ್ಚಾಗಿ ಎರಡೇ. ಬಣ್ಣ ನೀರಾಗಿದ್ದರೆ ಮೂಡಿದ ಏಣು ಮತ್ತೆ ಕರಗಿ ಸಮತಟ್ಟಾಗುತ್ತದೆ. ಹೀರುವ ಕಾಗದವಾದರೆ ಬಣ್ಣ ಒತ್ತಿದ ಜಾಗದಲ್ಲೇ ಬಿಗಿದು ಗಾಳಿಗೆ ಸರಿಯಲು ಜಾಗ ಬಿಡುವುದಿಲ್ಲ. ಒಮ್ಮೆ ಎತ್ತಿದ ಮೇಲೆ ಮತ್ತೆ ಒತ್ತಬೇಡಿ, ಎರಡನೆಯ ಎತ್ತುವಿಕೆ ಮೊದಲನೆಯದನ್ನು ಕಲಸುತ್ತದೆ.

ಬಣ್ಣ ಸುರಿದು ಕೋಶಗಳನ್ನು (ಜೀವಕೋಶದಂತೆ ಕಾಣುವ ದುಂಡು ಕಲೆಗಳನ್ನು) ತರುವುದು ಈಗ ಎಲ್ಲರೂ ಮಾಡುವ ಕೆಲಸ, ಆದರೆ ಕಾರಣ ತಿಳಿಯದೆ ಮಾಡುವವರೇ ಹೆಚ್ಚು. ಮೆಕ್ಸಿಕೊದ ಚಿತ್ರಕಾರ ಸಿಕೆರೋಸ್ 1936ರಲ್ಲಿ ನ್ಯೂಯಾರ್ಕಿನ ತಮ್ಮ ಕಾರ್ಯಾಗಾರದಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದನ್ನು ಸುರಿದು ಇದನ್ನು ಕಂಡುಕೊಂಡರು. ಭಾರದ ದ್ರವ ಹಗುರ ದ್ರವದ ಮೇಲೆ ಕೂತರೆ ನಿಲ್ಲಲಾರದೆ ಹನಿಹನಿಯಾಗಿ ಕೆಳಗಿಳಿಯುತ್ತದೆ, ಹಗುರದ್ದು ನಡುವೆ ಮೇಲೇಳುತ್ತದೆ. ಟೈಟೇನಿಯಂ ವೈಟ್ ವರ್ಣಕದ (ಬಣ್ಣ ಕೊಡುವ ಪುಡಿಯ) ಸಾಂದ್ರತೆ ನೀರಿನ ನಾಲ್ಕು ಪಟ್ಟಿಗಿಂತ ಹೆಚ್ಚು, ಕಾರ್ಬನ್ ಬ್ಲ್ಯಾಕ್‌ನದ್ದು ಎರಡು ಪಟ್ಟಿಗಿಂತ ಕಡಿಮೆ. ಹಾಗಾಗಿ ಕಪ್ಪಿನ ಮೇಲೆ ಬಿಳಿ ಸುರಿಯಬೇಕು. ಬಿಳಿಯ ಮೇಲೆ ಕಪ್ಪು ಸುರಿದರೆ ಸುಮ್ಮನೆ ಕೂತಿರುತ್ತದೆ.

ಟ್ಯೂಬ್ ಅಕ್ರಿಲಿಕ್ ಒಂದು ಪಾಲು, ಪೋರಿಂಗ್ ಮೀಡಿಯಂ (ಬಣ್ಣವನ್ನು ಸುರಿಯುವ ಹದಕ್ಕೆ ತರುವ ದ್ರವ) ಎರಡು ಪಾಲು, ಆಮೇಲೆ ಚಮಚ ಚಮಚವಾಗಿ ನೀರು. ಕಡ್ಡಿಯಿಂದ ಸುರಿದ ಗೆರೆ ಒಂದೆರಡು ಸೆಕೆಂಡಿನಲ್ಲಿ ಮಾಯವಾದರೆ ಹದ ಸರಿ. ಎರಡು ಬಣ್ಣದ ಹದವೂ ಒಂದೇ ಇರಲಿ. ಬಿಳಿಗೆ ಮಾತ್ರ ನೀರು ಹೆಚ್ಚಾದರೆ ಅದರ ಭಾರವೇ ಹೊರಟುಹೋಗಿ ಕೋಶ ಮೂಡುವುದಿಲ್ಲ. ಪದರ ದಪ್ಪವಿದ್ದಷ್ಟೂ ಕೋಶ ದೊಡ್ಡದು. ತೀರಾ ದಪ್ಪವಾದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿದು, ಆಮೇಲೆ ಬೇಡದ ಸೀಳು ಬೀಳುತ್ತದೆ. ಸಿಲಿಕೋನ್ ಎಣ್ಣೆಯ ಹನಿ ಹಾಕಿದರೆ ಕೋಶ ಬೇಗ ಬರುತ್ತದೆ ನಿಜ. ನಾನು ಅದನ್ನು ಮಾಡಿ ಎನ್ನುವುದಿಲ್ಲ: ಕೋಶಗಳೆಲ್ಲ ಒಂದೇ ಅಚ್ಚಿನವಾಗುತ್ತವೆ, ಜೊತೆಗೆ ಮೇಲೆ ಉಳಿದ ಎಣ್ಣೆಯ ಜಿಡ್ಡಿಗೆ ವಾರ್ನಿಶ್ ಹಿಡಿಯುವುದಿಲ್ಲ.

ಜಲವರ್ಣದಲ್ಲಿ ಬಂಡೆಯ ಕಲೆಗೆ ಬೇಕಾದದ್ದು ತಾಳ್ಮೆ ಮಾತ್ರ. ಒಣ ಕಾಗದದ ಮೇಲೆ ನಿಂತ ಬಣ್ಣದ ನೀರು ಅಂಚಿನಲ್ಲಿ ಬೇಗ ಆವಿಯಾಗುತ್ತದೆ, ಆ ಕೊರತೆ ತುಂಬಲು ಒಳಗಿನ ನೀರು ಅಂಚಿನತ್ತ ಹರಿದು ವರ್ಣಕವನ್ನು ಅಲ್ಲಿ ಬಿಡುತ್ತದೆ. ಕಾಫಿ ಹನಿಯ ಉಂಗುರ ಮೂಡುವುದೂ ಹೀಗೆಯೇ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ, ಅಲ್ಟ್ರಾಮರೀನ್‌ನಂತೆ ದಪ್ಪ ಕಣದ ಬಣ್ಣ, ಹೇರ್ ಡ್ರೈಯರ್ ಬೇಡ. ಥ್ಯಾಲೊ ನೀಲಿಯ ಕಣ ತೀರಾ ಸಣ್ಣದು, ಕಾಗದದ ಗುಳಿಗಳಲ್ಲಿ ಮರಳಿನಂತೆ ಕೂರುವುದಿಲ್ಲ. ಕಲ್ಲುಹೂವಿನಂಥ ಅಂಚು ಬೇಕಾದರೆ ಬಣ್ಣದ ಹೊಳಪು ಆರಿದ ಕ್ಷಣದಲ್ಲಿ ಒಂದು ಹನಿ ಶುದ್ಧ ನೀರು ಬಿಡಿ, ಅದು ವರ್ಣಕವನ್ನು ಹೊರಕ್ಕೆ ತಳ್ಳುತ್ತದೆ. ಮುಂಚೆ ಬಿಟ್ಟರೆ ಬೆರೆತುಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ನೆಲದ ಮೇಲೆ ಹಾಸಿದ ಕ್ಯಾನ್ವಾಸಿಗೆ ಎನಾಮಲ್ ಬಣ್ಣ ಸುರಿದು ಮಾಡಿದ ಚಿತ್ರಗಳಲ್ಲಿ ಮರ, ಕರಾವಳಿಗಳಲ್ಲಿರುವಂಥ ಫ್ರ್ಯಾಕ್ಟಲ್ ರಚನೆ (ಸಣ್ಣ ಭಾಗವೂ ಇಡಿಯದನ್ನೇ ಹೋಲುವ ರಚನೆ) ಇದೆ ಎಂದು 1999ರಲ್ಲಿ ಭೌತವಿಜ್ಞಾನಿ ರಿಚರ್ಡ್ ಟೇಲರ್ ಮತ್ತು ಸಂಗಡಿಗರು ವಾದಿಸಿದರು. 2006ರಲ್ಲಿ ಕ್ಯಾಥರೀನ್ ಜೋನ್ಸ್-ಸ್ಮಿತ್ ಮತ್ತು ಹರ್ಷ್ ಮಾಥುರ್ ಅದನ್ನು ಅಲ್ಲಗಳೆದು, ಸಾಧಾರಣ ಗೀಚುಗಳೂ ಆ ಪರೀಕ್ಷೆಯಲ್ಲಿ ಪಾಸಾಗುತ್ತವೆ ಎಂದು ತೋರಿಸಿದರು. ನನಗೆ ಅದಕ್ಕಿಂತ ಮುಖ್ಯವೆನಿಸುವುದು 2019ರಲ್ಲಿ ರೊಬೆರ್ಟೊ ಜೆನಿಟ್ ಮತ್ತಿತರರು ಪೊಲಾಕ್ ಅವರ ಕೈಚಲನೆಯ ಚಲನಚಿತ್ರ ನೋಡಿ ಅಳೆದದ್ದು. ಕೈ ನಿಧಾನಕ್ಕೆ ಸಾಗುತ್ತಾ ಮಂದ ದ್ರವವನ್ನು ಎತ್ತರದಿಂದ ಸುರಿದರೆ ಅದು ಸುರುಳಿಯಾಗುತ್ತದೆ. ಪೊಲಾಕ್ ಕೈಯ ವೇಗ ಮತ್ತು ಎತ್ತರ ಆ ಸುರುಳಿ ಬಾರದಂತೆಯೇ ಇದ್ದವು. ಭೌತನಿಯಮ ಯಾವ ಕಡೆ ಎಳೆಯುತ್ತದೆಂದು ಆ ಕೈಗೆ ಗೊತ್ತಿತ್ತು, ಎಲ್ಲಿ ಬೇಡವೆನ್ನಬೇಕೆಂದೂ ಗೊತ್ತಿತ್ತು. ಕಲಾವಿದರ ಕೆಲಸ ಅದು.

ನಮ್ಮ ವಿಜಯಪುರದ ಕಡೆಯೇ ಇದಕ್ಕೆ ಇನ್ನೂ ಹಳೆಯ ಉದಾಹರಣೆ ಇದೆ. 17ನೇ ಶತಮಾನದ ಮೊದಲ ಭಾಗದಲ್ಲಿ ಆದಿಲಶಾಹಿ ಬಿಜಾಪುರಕ್ಕೆ ಸೇರಿದವೆಂದು ಹೇಳುವ ಚಿತ್ರಗಳಲ್ಲಿ, ಮಂದ ನೀರಿನ ಮೇಲೆ ತೇಲಿಬಿಟ್ಟ ಬಣ್ಣದ ಅಲೆಗಳನ್ನು ಕಾಗದಕ್ಕೆ ಇಳಿಸಿದ್ದಾರೆ. ಆದರೆ ಹಾಳೆ ತುಂಬ ಅಲ್ಲ: ಬೇಡದ ಜಾಗವನ್ನು ಮರೆಮಾಡಿ, ಬಡಕಲು ಕುದುರೆಯ ಮೈಯೊಳಗೆ ಮಾತ್ರ ಆ ಅಲೆ ಬರುವಂತೆ ಮಾಡಿದ್ದಾರೆ. ಅಲೆ ನೀರಿನದು, ಗಡಿ ಕಲಾವಿದರದು. ಡಚ್ ಚಿತ್ರಕಾರ ಮೊಂಡ್ರಿಯಾನ್ 1911ರ ಬೂದು ಮರದಿಂದ 1912ರ ಹೂಬಿಟ್ಟ ಸೇಬಿನ ಮರಕ್ಕೆ ಹೋಗುವಾಗ ಇನ್ನೊಂದು ದಾರಿ ಹಿಡಿದರು. ಮರವನ್ನು ಬಿಟ್ಟು ಕೊಂಬೆಗಳ ನಡುವಿನ ತೆರಪಿನ ಬಾಗುಗಳನ್ನಷ್ಟೇ ಉಳಿಸಿಕೊಂಡರು.

ನೀವು ಮಾಡಬೇಕಾದದ್ದೂ ಹೀಗೆ ಉಳಿಸಿಕೊಳ್ಳುವ ಕೆಲಸ. ಮೊದಲು ಗಾಜಿನ ಕವಲನ್ನು ಮಾಡಿ ನೋಡಿ, ಖರ್ಚು ಕಡಿಮೆ, ಫಲ ಒಂದು ನಿಮಿಷದಲ್ಲಿ. ಇಪ್ಪತ್ತು ಹಾಳೆ ಎತ್ತಿ, ಪ್ರತಿಯೊಂದರ ಹಿಂದೆ ಬಣ್ಣದ ಹದ, ಎತ್ತಿದ ವೇಗ, ದಿಕ್ಕು ಬರೆಯಿರಿ. ಒಣಗಿದ ಮೇಲೆ ರಟ್ಟಿನಿಂದ ಮೂಲೆಮಟ್ಟದ (L) ಆಕಾರದ ಎರಡು ತುಂಡು ಕತ್ತರಿಸಿ, ಅವನ್ನು ಚೌಕಟ್ಟಿನಂತೆ ಹಾಳೆಯ ಮೇಲೆ ಸರಿಸುತ್ತಾ ಹೋಗಿ. ಕವಲಿನ ಬುಡ ಚೌಕಟ್ಟಿನ ಹೊರಗೆ ಉಳಿಯುವ ಜಾಗಗಳನ್ನು ಹುಡುಕಿ: ಬುಡ ಒಳಗೆ ಬಂದರೆ ಅದು ಮರದ ಚಿತ್ರವೆನಿಸುತ್ತದೆ, ಹೊರಗಿದ್ದರೆ ಹರಿವು ಮಾತ್ರ ಕಾಣುತ್ತದೆ.