ಮನೆ ತುಂಬ ದೊಡ್ಡವರಿದ್ದರೂ ಅಡುಗೆಮನೆಗೆ ಗೇಟು ಬೇಕಾ?

ಮಗುವಿಗೆ 9 ತಿಂಗಳು, ಮೂರು ಜನ ದೊಡ್ಡವರು ಸದಾ ಕಣ್ಣಿಟ್ಟಿರುತ್ತೇವೆ, ‘ಬಿಸಿ’ ಅಂದರೆ ಕೈ ಹಿಂದೆ ತೆಗೆಯುತ್ತಾನೆ, ಆದರೂ ಮಗು ಒಳಗೆ ಹೋಗದಂತೆ ಅಡುಗೆಮನೆ ಬಾಗಿಲಿಗೆ ಗೇಟು ಬೇಕಾ ಅಂತ ಕೇಳಿದ್ದೀರಿ. ಬೇಕು. ನಮ್ಮ ಮಗ ಸುಟ್ಟುಕೊಂಡಾಗ ನಾನು ಅವನಿಂದ ಎರಡೇ ಹೆಜ್ಜೆ ದೂರದಲ್ಲಿದ್ದೆ. ನನ್ನ ಗಂಡ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ಅವನನ್ನೇ ನೋಡುತ್ತಿದ್ದೆವು.

ಕಟ್ಟೆಯ ಮೇಲೆ ಎಲೆಕ್ಟ್ರಿಕ್ ಕೆಟಲ್ ಇತ್ತು. ನೀರು ಆಗಷ್ಟೇ ಕುದಿದಿತ್ತು. ಕೆಟಲನ್ನು ಗೋಡೆಗೆ ಒತ್ತಿಯೇ ಇಟ್ಟಿದ್ದೆ, ಅದರ ಬಗ್ಗೆ ನನಗೆ ಧೈರ್ಯವೂ ಇತ್ತು. ಆದರೆ ಪ್ಲಗ್ ಇದ್ದದ್ದು ಕಟ್ಟೆಯ ಇನ್ನೊಂದು ತುದಿಯಲ್ಲಿ. ನಡುವೆ ಪಾತ್ರೆ ಒಣಗಿಸುವ ಸ್ಟ್ಯಾಂಡ್. ವೈರು ಅದರ ಹಿಂದೆ ಹೋಗುತ್ತಿರಲಿಲ್ಲ, ಮುಂದಿನಿಂದ ಬಂದು ಅಂಚಿನಿಂದ ಒಂದು ಗೇಣು ಕೆಳಗೆ ಜೋತು ಬಿದ್ದಿತ್ತು. ನಾನು ಬಿಸಿ ವಸ್ತು ಎಲ್ಲಿದೆ ಅಂತ ನೋಡಿದ್ದೆ. ಅದಕ್ಕೆ ಸೇರಿದ ವೈರು ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿರಲಿಲ್ಲ. ತಿಂಗಳುಗಟ್ಟಲೆ ಆ ವೈರು ಹಾಗೇ ಇತ್ತು, ಏನೂ ಆಗಿರಲಿಲ್ಲ. ಯಾಕಂದರೆ ಅವನಿನ್ನೂ ಅಂಬೆಗಾಲಲ್ಲಿದ್ದ. ಆ ವಾರವಷ್ಟೇ ಏನಾದರೂ ಹಿಡಿದು ನಿಲ್ಲೋದು ಕಲಿತಿದ್ದ. ತುಂಟತನಕ್ಕೆ ಎಳೆಯಲಿಲ್ಲ ಅವನು. ಎದ್ದು ನಿಲ್ಲಲು ಕೈಗೆ ಸಿಕ್ಕಿದ್ದನ್ನು ಹಿಡಿದ, ಅಷ್ಟೇ. ಕೆಟಲ್ ಬುಡಸಮೇತ ಮೇಲೆ ಬಿತ್ತು. ‘ಬಿಸಿ’ ಅನ್ನೋ ಮಾತು ಅವನಿಗೂ ಗೊತ್ತಿತ್ತು. ವೈರು ಬಿಸಿ ಇರಲಿಲ್ಲ ಅಲ್ವಾ?

ಕುತ್ತಿಗೆ, ಎದೆ, ಒಂದು ತೋಳು. ಈ ವಯಸ್ಸಿನ ಮಕ್ಕಳು ಮೇಲಿಂದ ಎಳೆದುಕೊಂಡಾಗ ಸಾಮಾನ್ಯವಾಗಿ ಸುಡುವುದು ಇದೇ ಜಾಗಗಳು. ನಾವು ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡಲು ಹೊರಟಿದ್ದೆವು. ಪಕ್ಕದ ಮನೆಯವರು ನರ್ಸ್. ಅವರು ತಡೆದು, ಬಟ್ಟೆ ಬಿಚ್ಚಿಸಿ, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಸಿದರು. ಮಗುವಿನ ಉಳಿದ ಮೈ ತಣ್ಣಗಾಗದಂತೆ ಟವೆಲ್ ಸುತ್ತಿದ್ದರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಚರ್ಮಕ್ಕೆ ಅಂಟಿಕೊಂಡ ಬಟ್ಟೆ ಇದ್ದರೆ ಕೀಳಬೇಡಿ ಅಂದರು. ಗಾಯ ಇನ್ನಷ್ಟು ಆಳಕ್ಕೆ ಇಳಿಯದಿದ್ದದ್ದು ಆ ನೀರಿನಿಂದ ಅಂತ ಆಮೇಲೆ ಡಾಕ್ಟರೂ ಹೇಳಿದರು. ಆದರೂ ಕುತ್ತಿಗೆಗೆ ಚರ್ಮ ಕಸಿ ಮಾಡಬೇಕಾಯಿತು. ಮಗು ಬೆಳೆಯುತ್ತದೆ, ಗಾಯದ ಕಲೆ ಅದರ ಜೊತೆ ಅಷ್ಟು ಹಿಗ್ಗುವುದಿಲ್ಲ. ಬಿಗಿಯುತ್ತದೆ. ಇವತ್ತಿಗೂ ಅವನಿಗೆ ಕುತ್ತಿಗೆ ವ್ಯಾಯಾಮ ತಪ್ಪಿಲ್ಲ.

ಮಕ್ಕಳ ಚರ್ಮ ತೆಳು. 60 ಡಿಗ್ರಿ ಬಿಸಿ ನೀರು ದೊಡ್ಡವರನ್ನೇ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಗುವಿಗೆ ಅಷ್ಟೂ ಬೇಡ. ಮೈಯೂ ಚಿಕ್ಕದು. ನಿಮ್ಮ ಕೈ ಮೇಲೆ ಬಿದ್ದರೆ ಸಣ್ಣ ಗಾಯ ಆಗುವಷ್ಟೇ ನೀರು ಮಗುವಿನ ಅರ್ಧ ಎದೆ ಮುಚ್ಚುತ್ತದೆ. ಎಷ್ಟು ಸುಟ್ಟಿದೆ ಅಂತ ಅಂದಾಜು ಮಾಡಲು ಮಗುವಿನದೇ ಅಂಗೈ ಅಳತೆ: ಬೆರಳೂ ಸೇರಿಸಿ, ಅದು ಮೈಯ ಸುಮಾರು ಶೇ 1. ಸುಟ್ಟದ್ದು ಶೇ 10 ದಾಟಿದರೆ ಸಾಮಾನ್ಯವಾಗಿ ಡ್ರಿಪ್ ಹಾಕಬೇಕಾಗುತ್ತದೆ. ಮುಖ, ಕೈ, ಪಾದ, ಕೀಲು, ಮರ್ಮಾಂಗ ಸುಟ್ಟರೆ ಎಷ್ಟೇ ಚಿಕ್ಕದಾದರೂ ಆಸ್ಪತ್ರೆಗೆ ಹೋಗಲೇಬೇಕು.

ಅದಕ್ಕೇ ‘ಕಣ್ಣಿಟ್ಟಿದ್ದೇವೆ’ ಅನ್ನೋ ಮಾತನ್ನು ನಾನು ಒಪ್ಪಲ್ಲ. ಕಣ್ಣು ನೋಡುತ್ತದೆ, ಕೈ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಮೂರು ಜನ ಇದ್ದರೆ ಇನ್ನೂ ಕಷ್ಟ, ಒಬ್ಬರು ನೋಡ್ತಾರೆ ಅಂತ ಇನ್ನೊಬ್ಬರು ಬಿಡುತ್ತಾರೆ. ವಾಕರ್ ಇದ್ದರೆ ಇವತ್ತೇ ತೆಗೆದುಹಾಕಿ. ಅದು ಮಗುವಿಗೆ ವೇಗವನ್ನೂ ಎತ್ತರವನ್ನೂ ಒಟ್ಟಿಗೆ ಕೊಡುತ್ತದೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿತು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಬಿಸಿಯಾದದ್ದೇನೂ ಕುಡಿಯಬೇಡಿ. ಟೇಬಲ್ ಮೇಲೆ ಜೋತುಬೀಳುವ ಬಟ್ಟೆ ಹಾಸಬೇಡಿ. ಗೀಸರ್‌ನಲ್ಲಿ ಉಷ್ಣತೆ ಹೊಂದಿಸಲು ಬಂದರೆ 50 ಡಿಗ್ರಿ ದಾಟಿಸಬೇಡಿ.

ಈಗ ಒಮ್ಮೆ ನಿಮ್ಮ ಅಡುಗೆಮನೆ ನೆಲದ ಮೇಲೆ ಕೂತು ಮೇಲೆ ನೋಡಿ. ಜೋತು ಬಿದ್ದದ್ದೆಲ್ಲ ಅಲ್ಲಿಂದ ಕಾಣುತ್ತದೆ. ಗೇಟು ಮಾತ್ರ ‘ನಡೆಯೋಕೆ ಶುರು ಮಾಡಲಿ ನೋಡೋಣ’ ಅಂತ ಮುಂದೂಡಬೇಡಿ. ಮಗು ಅದಕ್ಕೂ ಮೊದಲೇ ನಿಲ್ಲುತ್ತದೆ. ಸುಮ್ನೆ ಚೌಕಟ್ಟಿಗೆ ಸಿಕ್ಕಿಸುವಂಥದ್ದು ಬೇಡ, ಗೋಡೆಗೆ ಸ್ಕ್ರೂ ಹಾಕಿ ಬಿಗಿಸುವಂಥದ್ದು ತನ್ನಿ.