ದೊಡ್ಡಪ್ಪ ಗಡ್‌ಬಡ್ ಕೊಡಿಸಿದ್ರೆ ನಂಬುದಾ?

ಪ್ರಶ್ನೆ: ಬಂದರಲ್ಲಿ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪ ಮಹಾ ಪಿಟ್ಟಾಸಿ, ಮೇ ತಿಂಗಳ ಸೆಕೆಯಲ್ಲೂ ಫ್ಯಾನ್ ಹಾಕ್ಲಿಕ್ಕೆ ಬಿಡದ ಜನ. ಕಳೆದ ವರ್ಷ ಹಾರ್ಟಿನ ಬೈಪಾಸ್ ಆಪರೇಷನ್ ಆದ ಮೇಲೆ ಪೂರಾ ಚೇಂಜ್, ಮೊನ್ನೆ ಮಕ್ಕಳಿಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದ್ರು. ಮನೆಯವರಿಗೆ ಡೌಟು, "ಹಿಂದೆ ಎಂತದೋ ಉಂಟು" ಅಂತ. ಮಗಳ ಸ್ಕೂಲಲ್ಲಿ ಮಾಡಿದ ಕ್ರಿಸ್ಮಸ್ ನಾಟಕದ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ಬದಲಾದ, ನಿಜವಾಗಿ ಹಾಗೆ ಆಗ್ತದಾ?
– ಓದುಗರು, ಕುಲಶೇಖರ, ಮಂಗಳೂರು

ಉತ್ತರ: ಮನೆಯವರ ಡೌಟು ಹೊಸತಲ್ಲ ಮಾರಾಯ್ರೆ. ಇಂಗ್ಲಿಷ್ ಲೇಖಕ ಡಿಕನ್ಸ್ ಆ ಕಥೆ, 'ಎ ಕ್ರಿಸ್ಮಸ್ ಕ್ಯಾರಲ್', ಬರೆದದ್ದು 1843ರಲ್ಲಿ. ಕ್ರಿಸ್ಮಸ್ ಹಿಂದಿನ ರಾತ್ರಿ ದೆವ್ವಗಳು ಬಂದು ಜಿಪುಣ ಸ್ಕ್ರೂಜ್‌ನ ಕಣ್ಣು ತೆರೆಸ್ತವೆ, ಕೊನೆಗೆ ಅವ ಗುಮಾಸ್ತನ ಸಂಬಳ ಜಾಸ್ತಿ ಮಾಡ್ತಾನೆ, ಅವನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸ್ತಾನೆ, ಆದ್ರೂ ಇವತ್ತಿಗೂ ಇಂಗ್ಲಿಷಲ್ಲಿ ಸ್ಕ್ರೂಜ್ ಅಂದ್ರೆ ಕಂಜೂಸ್ ಅಂತಲೇ ಅರ್ಥ. ಪಾಪ, ಬದಲಾದದ್ದು ಲೆಕ್ಕಕ್ಕೇ ಬರ್ಲಿಲ್ಲ.

ನಂಗೆ ಅದರಲ್ಲಿ ದೆವ್ವಗಳಿಗಿಂತ ಇಷ್ಟ ಆಗುದು ಬೋರ್ಡಿನ ವಿಷಯ. ಸ್ಕ್ರೂಜ್‌ನ ಪಾರ್ಟ್‌ನರ್ ಮಾರ್ಲಿ ಸತ್ತು 7 ವರ್ಷ ಆದ್ರೂ ಬಾಗಿಲ ಮೇಲೆ ಇಬ್ಬರ ಹೆಸರೂ ಹಾಗೇ ಉಂಟು (ಪೇಂಟಿನ ಖರ್ಚು ಉಳಿಸ್ಲಿಕ್ಕೆ ಇರ್ಬೇಕು, ಇದು ನನ್ನ ಊಹೆ), ಹೊಸಬರು ಬಂದು ಮಾರ್ಲಿ ಅಂತ ಕರೆದ್ರೂ ಇವ ಓಗೊಡ್ತಾನೆ, ಅವನಿಗೆ ಎರಡೂ ಒಂದೇ. ಹೆಸರಿನ ಹಂಗೇ ಇಲ್ಲದ ಈ ಮನುಷ್ಯ ಬೆಚ್ಚಿಬೀಳುದು ಮಾತ್ರ ದೆವ್ವ ತೋರಿಸಿದ ಗೋರಿಕಲ್ಲಿನ ಮೇಲೆ ತನ್ನದೇ ಹೆಸರು ಓದಿದಾಗ, ಆಗ ನಾನು ಮೊದಲಿನ ಮನುಷ್ಯ ಅಲ್ಲ ಅಂತ ಗೋಗರೀತಾನೆ. ಮತ್ತೆ ಒಂದೇ ರಾತ್ರಿ ಅಂತೀರಲ್ಲ, ಆ ರಾತ್ರಿ ದೆವ್ವ ಮೊದಲು ತೋರಿಸುದು ಅವನ ಹಳೇ ದಿನಗಳನ್ನೇ, ರಜೆಯಲ್ಲೂ ಸ್ಕೂಲಲ್ಲಿ ಒಬ್ಬನೇ ಉಳಿದ ಹುಡುಗ, ನಿನಗೆ ನನಗಿಂತ ದುಡ್ಡೇ ಮುಖ್ಯ ಆಯ್ತು ಅಂತ ಬಿಟ್ಟುಹೋದ ಹುಡುಗಿ. ಅಂದ್ರೆ ಅವ ಹುಟ್ಟಾ ಜಿಪುಣ ಅಲ್ಲ, ಆಗಿದ್ದದ್ದು.

ನಿಧಾನವಾಗಿ ಬದಲಾಗುವವ ಬೇಕಿದ್ರೆ ಇಂಗ್ಲಿಷ್ ಲೇಖಕಿ ಜಾರ್ಜ್ ಎಲಿಯಟ್‌ರ 1861ರ ಕಾದಂಬರಿಯ ನೇಕಾರ ಸೈಲಸ್ ಮಾರ್ನರ್‌ನನ್ನು ನೋಡಿ. 15 ವರ್ಷ ಕೂಡಿಟ್ಟ ಚಿನ್ನದ ನಾಣ್ಯ ಕಳವಾಗ್ತದೆ, ಮತ್ತೊಂದು ರಾತ್ರಿ ಒಲೆ ಎದುರು ಹಳದಿ ಹಳದಿ ಏನೋ ಹೊಳೀತದೆ, ಕಣ್ಣು ಮಂಜಾದ ಅವ ಚಿನ್ನ ವಾಪಸ್ ಬಂತು ಅಂತ ಕೈಹಾಕಿದ್ರೆ ಮೆತ್ತಗಿನ ಕೂದಲು, ಯಾರದ್ದೋ ಮಗು. ಅದಕ್ಕೆ ಎಪ್ಪಿ ಅಂತ ಹೆಸರಿಟ್ಟು ಸಾಕ್ತಾನೆ. 16 ವರ್ಷ ಬಿಟ್ಟು ಆ ದುಡ್ಡು ನಿಜವಾಗಿ ಸಿಕ್ಕಿದಾಗ ಅವ ಎಪ್ಪಿಯ ಅಪ್ಪ ಆಗಿಬಿಟ್ಟಿದ್ದ, ದುಡ್ಡು ಅವಳಿಗೆ ಅಂತ ಇಟ್ಟ.

ನಮ್ಮಲ್ಲಿ ಇನ್ನೂ ಅದೃಷ್ಟವಂತರು ಪುರಂದರದಾಸರು. ಹೆಂಡತಿಯ ಮೂಗುತಿಯ ಕಥೆ ಉಡುಪಿ ಕಡೆಯ ಮಕ್ಕಳಿಗೂ ಗೊತ್ತು, ಆದ್ರೆ ಜಿಪುಣ ಶ್ರೀನಿವಾಸ ನಾಯಕನ ಹೆಸರು ಹಿಡಿದು ಯಾರಾದ್ರೂ ಬೈದದ್ದು ಕೇಳಿದ್ದೀರಾ? ದಾಸರಾಗಿ ಹೆಸರೇ ಬದಲಾಯ್ತು, ಹಳೆಯದು ಕಳಚಿ ಬಿತ್ತು. ನಿಮ್ಮ ದೊಡ್ಡಪ್ಪನಿಗೆ ಆ ಸೌಕರ್ಯ ಇಲ್ಲ, ಅದೇ ಹೆಸರು, ಅದೇ ಅಂಗಡಿ, ಅದೇ ಮನೆಯವರು.

ಇನ್ನೊಂದು ನೆನಪಾಯ್ತು. ಬದಲಾದ ಸ್ಕ್ರೂಜ್ ಅಳಿಯನ (ತಂಗಿ ಮಗನ) ಮನೆಗೆ ಊಟಕ್ಕೆ ಹೋಗ್ತಾನೆ, ಹಿಂದಿನ ದಿನವಷ್ಟೇ ಅಳಿಯ ಕರೆದಾಗ ಬಯ್ದು ಕಳಿಸಿದ್ದ, ಹಾಗಾಗಿ ಬಾಗಿಲು ಬಡಿಯುವ ಧೈರ್ಯ ಬರುವ ಮೊದಲು ಆ ಮನೆ ಎದುರು ಹತ್ತು ಹನ್ನೆರಡು ಸಲ ಆಚೆ ಈಚೆ ನಡೀತಾನೆ. ದೊಡ್ಡಪ್ಪನೂ ಆ ಐಸ್‌ಕ್ರೀಮ್ ಕೊಡಿಸುವ ಮೊದಲು ಎಷ್ಟು ಸಲ ಅಂಗಡಿ ಎದುರು ನಡೆದಿದ್ರೋ, ಮುಂದಿನ ಸಲ ಸಿಕ್ಕಿದಾಗ ಕೇಳಿ ನೋಡಿ.