ಓದುಗರ ಪ್ರಶ್ನೆ, ನಮ್ಮ ಉತ್ತರ: ಹರಳೆಣ್ಣೆ ಕುಡಿದ ಎಂಜಿನ್, ತಿರುಚಿಕೊಂಡ ಕೆಳರೆಕ್ಕೆ

ಮೊದಲ ಮಹಾಯುದ್ಧದ ಫ್ರೆಂಚ್ ಮತ್ತು ಜರ್ಮನ್ ಯುದ್ಧವಿಮಾನಗಳ ಚಿತ್ರಪುಟವೊಂದನ್ನು ಕಳೆದ ಸಂಚಿಕೆಯಲ್ಲಿ ಕೊಟ್ಟಿದ್ದೆವು. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಹೆಚ್ಚು ಪತ್ರ ಬಂದಿವೆ. ಯಾರು ಯಾರನ್ನು ಹೊಡೆದುರುಳಿಸಿದರು ಎಂದು ಕೇಳಿದವರು ಕಡಿಮೆ, ಎಣ್ಣೆ, ಅಂಟು, ಮರದ ಬಗ್ಗೆ ಕೇಳಿದವರೇ ಜಾಸ್ತಿ. ನಮಗೂ ಅದೇ ಇಷ್ಟ.

ಆ ವಿಮಾನಗಳಿಗೆ ಹರಳೆಣ್ಣೆ ಹಾಕುತ್ತಿದ್ದರು ಎಂದು ಬರೆದಿದ್ದೀರಿ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಹರಳೇನಾ ಅದು? ಗಾಡಿಯ ಅಚ್ಚಿಗೆ ಹಾಕುತ್ತಿದ್ದದ್ದು ಗೊತ್ತು, ವಿಮಾನಕ್ಕೆ ಯಾಕೆ ಬೇಕಾಯಿತು?
– ರೈತರೊಬ್ಬರು, ಅರಸೀಕೆರೆ

ಅದೇ ಹರಳು, ಅದೇ ಎಣ್ಣೆ. ಯಾಕೆಂದು ತಿಳಿಯಲು ಆ ಎಂಜಿನ್ನಿನ ವಿಚಿತ್ರ ನಡೆ ತಿಳಿಯಬೇಕು. ಫ್ರಾನ್ಸಿನ ಸೆಗ್ಯಾಂ ಸಹೋದರರು ಮಾಡಿದ ನೋಮ್ ಎಂಜಿನ್ನಿನಲ್ಲಿ ನಡುವಿನ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ವಿಮಾನದ ಮೈಗೆ ಬಿಗಿದುಬಿಡುತ್ತಿದ್ದರು, ಅದು ಅಲ್ಲಾಡುತ್ತಿರಲಿಲ್ಲ. ಸುತ್ತಲಿನ ಏಳು ಸಿಲಿಂಡರುಗಳೇ ಪ್ರೊಪೆಲರ್ ಜೊತೆ ಗಿರಗಿರ ತಿರುಗುತ್ತಿದ್ದವು. ತಿರುಗುವಾಗ ತಾವೇ ಗಾಳಿಗೆ ಒಡ್ಡಿಕೊಂಡು ತಣ್ಣಗಾಗುವುದರಿಂದ ರೇಡಿಯೇಟರ್ ಬೇಡ, ನೀರು ಬೇಡ, ಫ್ಲೈವೀಲೂ ಬೇಡ. 50 ಅಶ್ವಶಕ್ತಿಯ ಎಂಜಿನ್ ಸುಮಾರು 75 ಕಿಲೋ ತೂಗುತ್ತಿತ್ತು. 1909ರ ಹೊತ್ತಿಗೆ ಇದು ಬೇರೆಯವರು ಹೊಟ್ಟೆಕಿಚ್ಚು ಪಡುವಂಥ ಲೆಕ್ಕ.

ತೊಡಕು ಪೆಟ್ರೋಲಿನ ದಾರಿಯಲ್ಲಿತ್ತು. ಸಿಲಿಂಡರುಗಳೇ ತಿರುಗುತ್ತಿರುವಾಗ ಹೊರಗಿನಿಂದ ಪೈಪ್ ಎಳೆಯುವುದು ಹೇಗೆ? ಟೊಳ್ಳಾದ ಕ್ರ್ಯಾಂಕ್‌ಶಾಫ್ಟಿನ ಮೂಲಕವೇ ಪೆಟ್ರೋಲ್–ಗಾಳಿಯ ಮಿಶ್ರಣ ಅದನ್ನು ಸುತ್ತುವರಿದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಹೋಗಬೇಕು. ಬೇರಿಂಗುಗಳು ಇರುವುದೂ ಅಲ್ಲೇ. ಅಲ್ಲಿ ಖನಿಜ ಎಣ್ಣೆ ಹಾಕಿದರೆ ಪೆಟ್ರೋಲ್ ಅದನ್ನು ಕರಗಿಸಿ ತೊಳೆದುಬಿಡುತ್ತದೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡಿರುತ್ತದೆ. ಒಮ್ಮೆ ಹೋದ ಎಣ್ಣೆ ವಾಪಸು ಬರುವ ಏರ್ಪಾಡಿರಲಿಲ್ಲ. ಅರ್ಧ ಸುಟ್ಟು, ಅರ್ಧ ಹಾಗೇ ಹೊರಗೆ ಸಿಡಿಯುತ್ತಿತ್ತು. ಎಂಜಿನ್ ಮುಚ್ಚಳದ ಕೆಳಭಾಗ ತೆರೆದಿರುತ್ತಿದ್ದುದು ಅದಕ್ಕೇ. ಪೈಲಟ್ ಮುಖಕ್ಕೂ ಒಂದಿಷ್ಟು ರಾಚುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಜರ್ಮನಿಯ ಓಬರ್ಉರ್ಸೆಲ್ ಕಾರ್ಖಾನೆ ಇದೇ ಎಂಜಿನ್ನನ್ನು ಪರವಾನಗಿ ಪಡೆದು ಮಾಡುತ್ತಿತ್ತು. ಆದರೆ ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ಜರ್ಮನರಿಗೆ ಹರಳೆಣ್ಣೆಯೇ ಸಿಗದಾಯಿತು. ಬದಲಿಗೆ ವೋಲ್ಟೋಲ್ ಎಂಬ ಕೃತಕ ಎಣ್ಣೆ ಹಾಕಿದರು. ಯುದ್ಧದ ಕೊನೆಯ ವರ್ಷ ಅವರ ತಿರುಗು ಎಂಜಿನ್ನುಗಳು ಕಾದು ಕಚ್ಚಿಕೊಳ್ಳುತ್ತಿದ್ದುದರಲ್ಲಿ ಈ ಎಣ್ಣೆಯ ಪಾಲು ದೊಡ್ಡದು. ಇದನ್ನೋದಿ ಬೈಕಿಗೆ ಮನೆಯ ಹರಳೆಣ್ಣೆ ಸುರಿಯಬೇಡಿ. ಅದು ಬಿಸಿಗೆ ಗೋಂದಿನಂತಾಗಿ ಪಿಸ್ಟನ್ ರಿಂಗುಗಳನ್ನು ಹಿಡಿದುಬಿಡುತ್ತದೆ. ಆ ಕಾಲದ ಎಂಜಿನ್ನುಗಳನ್ನು ಆಗಾಗ ಪೂರ್ತಿ ಬಿಚ್ಚಿ ತೊಳೆಯಲೇಬೇಕಿತ್ತು.

ತಿರುಗುವ ಪ್ರೊಪೆಲರ್ ನಡುವೆ ಗುಂಡು ಹಾರಿಸಿದರೂ ಅಲಗಿಗೆ ತಾಗದಂತೆ ಹೇಗೆ ಮಾಡುತ್ತಿದ್ದರು, ಸರ್?
– ಪಿಯುಸಿ ವಿದ್ಯಾರ್ಥಿನಿ, ಬೇಲೂರು

ಮೊದಲು ತಾಗಲಿ ಬಿಡು ಎಂದೇ ಮಾಡಿದ್ದರು. ಫ್ರಾನ್ಸಿನ ಪೈಲಟ್ ರೋಲಾಂ ಗಾರೋ ತನ್ನ ಮೊರಾನ್–ಸೋಲ್ನಿಯೆ ವಿಮಾನದ ಪ್ರೊಪೆಲರಿಗೆ ಉಕ್ಕಿನ ಬೆಣೆ ಕಟ್ಟಿಸಿಕೊಂಡ. ತಾಗಿದ ಗುಂಡು ಪಕ್ಕಕ್ಕೆ ಜಾರುತ್ತಿತ್ತು. 1915ರ ಏಪ್ರಿಲ್ 1ರಂದು ಮೊದಲ ಬೇಟೆ, 18ರಂದು ಜರ್ಮನರ ಕೈಗೆ ಸೆರೆ. ಬೆಣೆ ಗುಂಡನ್ನು ತಿರುಗಿಸೀತು, ಪೆಟ್ಟನ್ನಲ್ಲ. ಆ ಪೆಟ್ಟೆಲ್ಲ ಎಂಜಿನ್ನಿಗೇ.

ಜರ್ಮನಿಯ ಫೋಕರ್ ಕಾರ್ಖಾನೆಯ ಏರ್ಪಾಡು ಇದಕ್ಕಿಂತ ಜಾಣತನದ್ದು. ಎಂಜಿನ್ ಜೊತೆ ತಿರುಗುವ ಒಂದು ಚಕ್ರ, ಅದರ ಮೇಲೊಂದು ಉಬ್ಬು. ಪೈಲಟ್ ಗುಂಡಿ ಒತ್ತಿದಾಗ ಒಂದು ಸರಳು ಆ ಚಕ್ರದ ದಾರಿಗೆ ಇಳಿಯುತ್ತದೆ. ಉಬ್ಬು ಬಂದಾಗಲೆಲ್ಲ ಸರಳು ತಳ್ಳಲ್ಪಟ್ಟು ಬಂದೂಕಿನ ಕುದುರೆ ಎಳೆಯುತ್ತದೆ. ಅಂದರೆ ಗುಂಡು ಹಾರಿಸುವುದು ಎಂಜಿನ್, ಪೈಲಟ್ ಕೊಡುವುದು ಬರೀ ಅಪ್ಪಣೆ.

ಲೆಕ್ಕ ನೀವೇ ಹಾಕಿ ನೋಡಿ. ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20. ಎರಡು ಅಲಗಿನ ಪ್ರೊಪೆಲರ್ ಆದ್ದರಿಂದ ನಳಿಗೆಯ ಮುಂದೆ ಸೆಕೆಂಡಿಗೆ 40 ಸಲ ಅಲಗು ಹಾಯುತ್ತದೆ. ನಡುವಿನ ಬಿಡುವು 25 ಮಿಲಿಸೆಕೆಂಡ್. ನಳಿಗೆಯಿಂದ ಪ್ರೊಪೆಲರಿಗೆ ಒಂದು ಮೀಟರ್ ಅಂತರ ಇಟ್ಟುಕೊಂಡರೆ ಗುಂಡಿಗೆ ಬೇಕಾದ್ದು ಒಂದು ಮಿಲಿಸೆಕೆಂಡಿಗೂ ತುಸು ಹೆಚ್ಚು. ಅಷ್ಟರಲ್ಲಿ ಪ್ರೊಪೆಲರ್ ತಿರುಗುವುದು ಎಂಟು ಡಿಗ್ರಿ. ಅಲಗು ದಾಟಿದ ಕೂಡಲೇ ಹಾರಿಸಿದರೆ ಬೇಕಾದಷ್ಟು ಜಾಗ ಇದೆ.

ಹಾಗಾದರೆ ಕೆಡುವುದೆಲ್ಲಿ? ಕೆಟ್ಟ ಮದ್ದಿನಲ್ಲಿ. ಪಿನ್ನು ಬಡಿದರೂ ಮದ್ದು ಹೊತ್ತಲು 20–25 ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ ಎರಡನೇ ಅಲಗು ಎದುರಿಗೆ ಬಂದಿರುತ್ತದೆ. ನೆಲದ ಮೇಲಿನ ಸಿಪಾಯಿಗೆ ಈ ತಡ ಗೊತ್ತೇ ಆಗುವುದಿಲ್ಲ. ವಿಮಾನದಲ್ಲಿ ಮರದ ಅಲಗು ತೂತು. ಗಾರೋನ ವಿಮಾನ ಮಾಡಿದ ಕಂಪನಿಯ ಸೋಲ್ನಿಯೆ 1914ರಲ್ಲೇ ಇಂಥ ಯಂತ್ರ ಮಾಡಿಯೂ ಬೆಣೆಗೆ ಇಳಿದದ್ದು ಇದೇ ಕಾರಣಕ್ಕೆ. ಇನ್ನೊಂದು, ಸರಳು–ಸಂದುಗಳ ತಡ ಸಮಯದ ಲೆಕ್ಕದಲ್ಲಿ ಒಂದೇ ಇದ್ದರೂ ಎಂಜಿನ್ ವೇಗ ಬದಲಾದಂತೆ ಅದು ಬೇರೆ ಕೋನವಾಗುತ್ತದೆ. ಸಂದುಗಳು ಸವೆದರಂತೂ ಕೇಳಬೇಡಿ. ಜರ್ಮನ್ ಪೈಲಟ್ ಇಮ್ಮೆಲ್ಮಾನ್ 1916ರ ಜೂನ್ 18ರಂದು ಬಿದ್ದು ಸತ್ತಾಗ, ತನ್ನ ಗುಂಡಿನಿಂದಲೇ ಪ್ರೊಪೆಲರ್ ಕತ್ತರಿಸಿತು ಎಂದು ಜರ್ಮನರು, ನಾವೇ ಹೊಡೆದದ್ದು ಎಂದು ಬ್ರಿಟಿಷರು ಹೇಳಿದರು.

ನ್ಯೂಪೋರ್ 17ರ ಮಾದರಿ ಮಾಡುತ್ತಿದ್ದೇನೆ. ಕೆಳರೆಕ್ಕೆ ಮೇಲಿನದಕ್ಕಿಂತ ಇಷ್ಟು ಕಿರಿದೇಕೆ? ಹಾರುವಾಗ ಮುರಿಯುತ್ತಿತ್ತು ಎಂಬುದು ನಿಜವೇ?
– ಮಾದರಿ ತಯಾರಕರು, ಚಿಕ್ಕಮಗಳೂರು

ನಿಜ. ಗುಸ್ತಾವ್ ದಲಾಜ್ ವಿನ್ಯಾಸ ಮಾಡಿದ ಈ ಫ್ರೆಂಚ್ ವಿಮಾನದ ಕೆಳರೆಕ್ಕೆ ಕಿರಿದಾದ್ದರಿಂದ ಪೈಲಟ್‌ಗೆ ಕೆಳಗಿನ ನೋಟ ಚೆನ್ನಾಗಿತ್ತು, ತೂಕವೂ ಕಡಿಮೆ. ಆದರೆ ಮನೆಗೆ ತೊಲೆಯಿದ್ದಂತೆ ರೆಕ್ಕೆಗೆ ಉದ್ದುದ್ದ ತೊಲೆಗಳಿರುತ್ತವೆ. ಮೇಲಿನದಕ್ಕೆ ಎರಡು, ಕೆಳಗಿನದಕ್ಕೆ ಒಂದೇ. ಎರಡನ್ನೂ ಕೂಡಿಸಿದ್ದು ಕೆಳಗೆ ಒಂದೇ ಬಿಂದುವಿನಲ್ಲಿ ಸೇರುವ ವಿ ಆಕಾರದ ಕಂಬ. ಒಂದೇ ತೊಲೆ ಬಾಗುವುದನ್ನು ತಡೆದೀತು, ತಿರುಚುವುದನ್ನು ತಡೆಯದು.

ಜರ್ಮನರು ಸೆರೆಸಿಕ್ಕ ನ್ಯೂಪೋರ್ ನೋಡಿ ಮರುಳಾಗಿ ತಮ್ಮ ಆಲ್ಬಟ್ರಾಸ್ ಡಿ.3 ವಿಮಾನಕ್ಕೆ ಇದೇ ಏರ್ಪಾಡು ತಂದರು. ರೋಗವೂ ಜೊತೆಗೇ ಬಂತು. 1917ರ ಜನವರಿ 24ರಂದು ಹೆಸರಾಂತ ಜರ್ಮನ್ ಪೈಲಟ್ ರಿಖ್ತ್‌ಹೋಫೆನ್ ವಿಮಾನದ ಕೆಳರೆಕ್ಕೆ ಗಾಳಿಯಲ್ಲೇ ಬಿರುಕುಬಿಟ್ಟಿತು. ಮುಂದಿನ ಡಿ.5ಕ್ಕೂ ಅದೇ ಗತಿ. ಕೊನೆಗೆ ವಿ ಕಂಬದ ಬುಡದಿಂದ ರೆಕ್ಕೆಯ ಮುಂದಿನ ಅಂಚಿಗೆ ಒಂದು ಗಿಡ್ಡ ಆಸರೆ ಕೊಟ್ಟರು. ಕಡಿದಾಗಿ ಧುಮುಕುವುದು ಆಗಲೂ ಅಪಾಯವೇ. ಆಗಿನ ಪರೀಕ್ಷೆಯಲ್ಲಿ ರೆಕ್ಕೆಯ ಮೇಲೆ ಮರಳು ಹೇರುತ್ತಿದ್ದರು. ರೆಕ್ಕೆ ತಿರುಚಿದಷ್ಟೂ ಮರಳು ಹೆಚ್ಚು ಒತ್ತುವುದಿಲ್ಲ, ಗಾಳಿ ಒತ್ತುತ್ತದೆ.

ಇದನ್ನು ಮೇಜಿನ ಫ್ಯಾನ್ ಮುಂದೆ ನೋಡಬಹುದು. 10 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ತೆಳು ರಟ್ಟಿನ ಎರಡು ಪಟ್ಟಿ. ಒಂದಕ್ಕೆ ಸಪೂರ ಬಿದಿರು ಕಡ್ಡಿಯನ್ನು ಮುಂದಿನ ಅಂಚಿನಿಂದ 2.5 ಸೆಂ.ಮೀ.ಗೆ, ಇನ್ನೊಂದಕ್ಕೆ 5 ಸೆಂ.ಮೀ.ಗೆ ಉದ್ದಕ್ಕೂ ಅಂಟಿಸಿ, ಕಡ್ಡಿಯ ಒಂದು ತುದಿ ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಮೊದಲನೆಯದು ತುಸು ಅದುರಬಹುದು. ಎರಡನೆಯದು ಮೂತಿ ಎತ್ತಿ ತಿರುಚಿಕೊಳ್ಳಲು ನೋಡುತ್ತದೆ. ಎತ್ತುವ ಬಲ ಬೀಳುವುದು ಅಗಲದ ಕಾಲು ಭಾಗದಲ್ಲಿ. ತೊಲೆ ಅದಕ್ಕಿಂತ ಹಿಂದಿದ್ದರೆ ಈ ಪಾಡು. ನಿಮ್ಮ ಮಾದರಿಯ ಅಳತೆ 1:10 ಆದರೆ ಮೇಲ್ರೆಕ್ಕೆ ತುದಿಯಿಂದ ತುದಿಗೆ 816 ಮಿ.ಮೀ. ಬರಬೇಕು. ಕಾಗದಕ್ಕೆ ಡೋಪ್ (ಅದನ್ನು ಬಿಗಿಗೊಳಿಸುವ ಲೇಪ) ಹಚ್ಚಿದ ಮೇಲೆ ಒಣಗುವವರೆಗೂ ರೆಕ್ಕೆಯನ್ನು ಹಲಗೆಗೆ ಪಿನ್ನು ಹಾಕಿಯೇ ಇಡಿ, ಇಲ್ಲದಿದ್ದರೆ ಎಳೆದು ಸೊಟ್ಟಗಾಗುತ್ತದೆ.

ಮಳೆಗಾಲದಲ್ಲಿ ನಮ್ಮ ಬಾಗಿಲುಗಳೇ ಉಬ್ಬುತ್ತವೆ. ಮರದ ವಿಮಾನ ಹೇಗೆ ತಡೆಯಿತು?
– ಬಡಗಿ, ಸಕಲೇಶಪುರ

ಕೆಲವು ತಡೆಯಲಿಲ್ಲ. ಫೋಕರ್ ಮೂರು ರೆಕ್ಕೆಯ ವಿಮಾನ 1917ರ ಅಕ್ಟೋಬರ್ ಕೊನೆಯಲ್ಲಿ ಎರಡು ದಿನದೊಳಗೆ ಎರಡು ಬಿದ್ದವು. ಉಳಿದವುಗಳ ಹಾರಾಟ ನಿಲ್ಲಿಸಿ ರೆಕ್ಕೆ ಬಿಚ್ಚಿ ನೋಡಿದರು. ಒಳಗೆ ತೇವ ಹೊಕ್ಕಿತ್ತು, ಅಂಟು ಬಿಟ್ಟಿತ್ತು, ಕೆಲಸವೂ ಒರಟು. ಪ್ರಾಣಿಚರ್ಮದ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಹಾಲಿನ ಕೇಸೀನ್ ಅಂಟು ವಾಸಿ, ಆದರೆ ಅದಕ್ಕೂ ಬೂಷ್ಟು ಹಿಡಿಯುತ್ತದೆ. ಮದ್ದು ನಿಮಗೆ ಗೊತ್ತಿರುವುದೇ: ಒಳಗಿನ ತೊಲೆ, ಪಕ್ಕೆಗಳಿಗೆಲ್ಲ ಬಟ್ಟೆ ಹೊದಿಸುವ ಮೊದಲೇ ವಾರ್ನಿಷ್. ಹಾಗೆ ಮಾಡಿದ ಮೇಲೂ ಮೇಲ್ರೆಕ್ಕೆಗಳು ಮುರಿದವು. ಅಂಟಿನದೊಂದೇ ತಪ್ಪಲ್ಲ ಎಂಬುದು ತಿಳಿದದ್ದು 1929ರ ಅಮೆರಿಕದ ಪರೀಕ್ಷೆಯಲ್ಲಿ. ಹೆಚ್ಚಿನ ವೇಗದಲ್ಲಿ ಮೇಲ್ರೆಕ್ಕೆಯ ಎತ್ತುವಿಕೆಯ ಗುಣಾಂಕ, ಅಂದರೆ ಅಷ್ಟೇ ಅಳತೆಯ ರೆಕ್ಕೆಗೆ ಸಿಗುವ ಎತ್ತುವ ಬಲದ ಲೆಕ್ಕ, ಕೆಳಗಿನದರ 2.55 ಪಟ್ಟಿನವರೆಗೆ ಹೋಗುತ್ತಿತ್ತು.

ಮರದ ಸಹವಾಸವೇ ಬೇಡ ಎಂದವರು ಜರ್ಮನಿಯ ಯುಂಕರ್ಸ್. 1915ರ ಡಿಸೆಂಬರಿನಲ್ಲಿ ಪೂರ್ತಿ ಉಕ್ಕಿನ ತಗಡಿನದನ್ನು ಹಾರಿಸಿದರು. ಭಾರ ಹೆಚ್ಚಾಗಿ ಏರಲು ಏದುಸಿರು ಬಿಡುತ್ತಿದ್ದ ಅದಕ್ಕೆ ಬಿದ್ದ ಅಡ್ಡಹೆಸರು ತಗಡಿನ ಕತ್ತೆ.

ಟೌಬೆ ಎಂದರೆ ಪಾರಿವಾಳ ತಾನೆ? ರೆಕ್ಕೆಯೂ ಪಾರಿವಾಳದ್ದೇ ನಕಲೇ?
– ಶಿಕ್ಷಕಿ, ಮೂಡಿಗೆರೆ

ಹೌದು, ಆ ವಿಮಾನದ ಹೆಸರು ಪಾರಿವಾಳ, ರೆಕ್ಕೆ ಬೀಜದ್ದು. ಆಸ್ಟ್ರಿಯಾದ ಈಗೋ ಎಟ್ರಿಖ್ ನೋಡಿ ಕಲಿತದ್ದು ಜಾವಾ ಕಡೆಯ ಒಂದು ಬಳ್ಳಿಯ ತೇಲುವ ಬೀಜದಿಂದ. ಅದು ನಮ್ಮ ಸೋರೆ, ಪಡವಲದ ಕುಟುಂಬದ್ದೇ.

ಕೊನೆಗೆ ಯಾರ ವಿಮಾನ ಮೇಲು?
– ಓದುಗರು, ಕಡೂರು

ಧುಮುಕಲು ಫ್ರೆಂಚರ ಸ್ಪಾಡ್ 13, ಮಿಕ್ಕಂತೆ ಫೋಕರ್ ಡಿ.7 ಎನ್ನುತ್ತೇವೆ. ಅದಕ್ಕೆ ದಪ್ಪ ರೆಕ್ಕೆ, ಬೆಸುಗೆ ಹಾಕಿದ ಉಕ್ಕಿನ ಕೊಳವೆಯ ಮೈ. ಬಿಎಂಡಬ್ಲ್ಯು ಎಂಜಿನ್ ಹಾಕಿದ್ದಂತೂ ಎತ್ತರದಲ್ಲೂ ಸೊರಗುತ್ತಿರಲಿಲ್ಲ. 1918ರ ಕದನವಿರಾಮದ ಷರತ್ತಿನಲ್ಲಿ ಎಲ್ಲ ಡಿ.7ಗಳನ್ನೂ ಒಪ್ಪಿಸಬೇಕೆಂದು ಹೆಸರು ಹಿಡಿದೇ ಬರೆದಿದ್ದರು. ಅದಕ್ಕೂ ಕುಂದಿತ್ತು: 1918ರ ಬೇಸಿಗೆಯಲ್ಲಿ ಎಂಜಿನ್ ಬಿಸಿಗೆ ಪಕ್ಕದಲ್ಲೇ ಇದ್ದ ರಂಜಕದ ಗುಂಡುಗಳು ತಾವಾಗಿ ಹೊತ್ತಿಕೊಂಡವು. ಗಾಳಿಯಾಡಲಿ ಎಂದು ಮುಚ್ಚಳಕ್ಕೆ ಕಿಂಡಿ ಕೊರೆದರು.